ಟೊರಾಂಟೊಗೆ ಬರುವ ತಂಗಿಗೆ

ತಂಗಿ, ಜನವರಿಯಲ್ಲಿ ಶಿರಸಿಯಿಂದ ಟೊರಾಂಟೊಗೆ ಓದಲು ಬರ್ತಿದ್ದೀಯ. ಮನೆ, ಚಳಿ, ಖರ್ಚು ಎಲ್ಲ ಕೇಳಿ ಕೊನೆಗೆ ಒಂದು ಸಾಲು ಬರೆದಿದ್ದೀಯ: "ಅಪ್ಪನ ಮೊದಲ ಹೆಂಡತಿಯ ಮಗಳು ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಇದ್ದಾಳೆ, ಎರಡೇ ಸಲ ಮಾತಾಡಿದ್ದು, ಫೋನ್ ಮಾಡಲೋ ಬೇಡವೋ?" ಅದನ್ನು ಓದಿ ಸುಮಾರು ಹೊತ್ತು ಹಾಗೇ ಕೂತಿದ್ದೆ.

ಮೊದಲು ಉಳಿದದ್ದು ಹೇಳಿಬಿಡ್ತೇನೆ. ಜಾಕೆಟ್ಟು, ಬೂಟು ಇಲ್ಲೇ ತಗೋ, ನಮ್ಮೂರ ಸ್ವೆಟರ್ ಇಲ್ಲಿನ ಮೈನಸ್ ಹದಿನೈದಕ್ಕೆ ಸಾಲುವುದಿಲ್ಲ. ರೂಮು ನೋಡದೆ ದುಡ್ಡು ಕಳಿಸಬೇಡ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕೊನೆಯ ತಿಂಗಳ ಬಾಡಿಗೆ ಮುಂಗಡ ಕೇಳಬಹುದು, ಬೆಂಗಳೂರಿನ ಹಾಗೆ ದೊಡ್ಡ ಡಿಪಾಸಿಟ್ ಕೇಳುವಂತಿಲ್ಲ. ಸಿನ್ ನಂಬರ್, ಅಂದರೆ ಇಲ್ಲಿ ಕೆಲಸ ಮಾಡಲು ಸರ್ಕಾರ ಕೊಡುವ ನಂಬರು, ಪುಕ್ಕಟೆ. ತಿನ್ನುವ ವಸ್ತು ಏನೇ ತಂದರೂ ಇಳಿದಾಗ ಕಸ್ಟಮ್ಸ್‌ನವರಿಗೆ ಹೇಳಬೇಕು. ಸಂಜೆ ಐದರ ಸುಮಾರಿಗೇ ಕತ್ತಲಾಗುತ್ತದೆ, ಮೊದಲ ತಿಂಗಳು ಅದೇ ಜಾಸ್ತಿ ಕಷ್ಟ.

ಇನ್ನು ಅಕ್ಕನ ವಿಷಯ.

ನಾನು ಬಂದದ್ದು 2008ರ ಜನವರಿಯಲ್ಲಿ. ನನಗೂ ಇಲ್ಲಿ ಅಂಥದೇ ಒಬ್ಬ ಅಕ್ಕ ಇದ್ದಳು, ನನ್ನಪ್ಪನ ಮೊದಲ ಹೆಂಡತಿಯ ಮಗಳು. ಅವಳ ಹೆತ್ತ ಆಯಿ ತೀರಿಹೋದಾಗ ಅವಳಿಗೆ ನಾಲ್ಕು ವರ್ಷ. ಹೊನ್ನಾವರದ ಅಜ್ಜನಮನೆಯಲ್ಲೇ ಬೆಳೆದಳು. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಗೆ ನಮ್ಮನೆಗೆ ಬಂದು ಎರಡು ರಾತ್ರಿ ಇದ್ದು ಹೋಗುತ್ತಿದ್ದಳು, ಬಟ್ಟೆಯ ಚೀಲ ಬಿಚ್ಚದೆ ಜಗಲಿಯ ಮೂಲೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಸೊಕ್ಕು ಅಂದುಕೊಂಡಿದ್ದೆ. ಒಳಗೆ ತಂದಿಡು ಅಂತ ನಮ್ಮಲ್ಲಿ ಯಾರೂ ಹೇಳಿರಲೂ ಇಲ್ಲ.

ನಾನು ಬಂದ ವಾರವೇ ಅವಳೇ ಫೋನ್ ಮಾಡಿ ಊಟಕ್ಕೆ ಕರೆದಳು. ಹೋದೆ, ಉಂಡೆ, ಬಂದೆ. ಆಮೇಲೆ ಯುಗಾದಿಗೊಂದು, ದೀಪಾವಳಿಗೊಂದು ಫೋನು. ಐದು ವರ್ಷ ಹೀಗೇ.

2013ರ ನವೆಂಬರ್‌ನಲ್ಲಿ ಅಪ್ಪ ಹೋದ. ಊರಲ್ಲಿ ಬೆಳಗಿನ ಜಾವ, ಇಲ್ಲಿ ಹಿಂದಿನ ದಿನದ ಸಂಜೆ ಏಳು. ತಮ್ಮ ನನಗೆ ಮಾತ್ರ ಫೋನ್ ಮಾಡಿದ. ನಾನು ಟಿಕೆಟ್ ಹುಡುಕಿದೆ, ಆಫೀಸಿಗೆ ಹೇಳಿದೆ, ಪಕ್ಕದ ಮನೆಯವರಿಗೂ ಹೇಳಿ ಬೀಗದ ಕೈ ಕೊಟ್ಟೆ. ಅಕ್ಕನಿಗೆ ಹೇಳಿದ್ದು ಮರುದಿನ ರಾತ್ರಿ, ಏರ್‌ಪೋರ್ಟಿನಿಂದ. "ನಮ್ಮಪ್ಪ ತೀರಿಕೊಂಡ" ಅಂದೆ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇವತ್ತು ಸಂಜೆಯೂ ದೇವರಿಗೆ ದೀಪ ಹಚ್ಚಿದೆನಲ್ಲೇ, ಸೂತಕ ಅಂತ ನಂಗೆ ಗೊತ್ತೇ ಆಗಲಿಲ್ಲ" ಅಂದಳು.

ಬೇಕಂತ ಮುಚ್ಚಿಟ್ಟಿದ್ದರೆ ಒಂದು ಮಾತು. ನನಗೆ ಅವಳ ನೆನಪೇ ಆಗಿರಲಿಲ್ಲ. ಇವತ್ತಿಗೂ ಸುಡುವುದು ಅದೇ. ನೋಡು, ಅಕ್ಕತಂಗಿಯರು ತಮ್ಮೊಳಗೆ "ಅಪ್ಪ" ಅಂತಾರೆ, "ನಮ್ಮಪ್ಪ" ಅನ್ನುವುದು ಹೊರಗಿನವರ ಹತ್ತಿರ. ನಾನು ಅಷ್ಟು ವರ್ಷವೂ ಅವಳೆದುರು "ನಮ್ಮಪ್ಪ" ಅಂತಲೇ ಅನ್ನುತ್ತಿದ್ದೆ.

ಏಳೆಂಟು ತಿಂಗಳು ಅವಳು ಫೋನ್ ಎತ್ತಲಿಲ್ಲ. ನಾನು ಶನಿವಾರ ಶನಿವಾರ ಮಾಡುತ್ತಲೇ ಇದ್ದೆ. ಎತ್ತಿದ ಮೇಲೆ ತಪ್ಪಾಯ್ತು ಅಂತ ಹೇಳಹೋಗಿ ಹಳೆಯದೆಲ್ಲ ಕೆದಕಿದೆ, ಮತ್ತೆ ಕೆಟ್ಟಿತು. ಆಮೇಲೆ ಸುಮ್ನೆ ಊರಿನ ಸುದ್ದಿ ಹೇಳತೊಡಗಿದೆ. ಅಡಿಕೆಗೆ ಕೊಳೆ ರೋಗ ಬಂತು, ದನ ಕರು ಹಾಕಿತು, ನನ್ನ ಆಯಿಗೆ ಕಣ್ಣಿನ ಆಪರೇಷನ್ ಅಂತೆ. ಒಂದು ದಿನ ಅವಳೇ "ಕರು ಹೆಣ್ಣೋ ಗಂಡೋ?" ಅಂತ ಕೇಳಿದಳು. ಈಗ ಊರಿಂದ ಏನೇ ಸುದ್ದಿ ಬಂದರೂ ಮೊದಲು ಅವಳಿಗೆ, ಆಮೇಲೆ ನನ್ನ ಗಂಡನಿಗೆ. 2024ರ ಜಾತ್ರೆಗೆ ಇಬ್ಬರೂ ಒಟ್ಟಿಗೇ ಹೋಗಿದ್ದೆವು. ಆಯಿ ಅವಳ ಸೂಟ್‌ಕೇಸ್ ತಾನೇ ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಟ್ಟಳು.

ಹಾಗಾಗಿ ಫೋನ್ ಮಾಡು, ಇಳಿದ ದಿನವೇ. ಬಿಗಿಯಾಗಿ ಮಾತಾಡಿದರೆ ಒಂದು ವಾರ ಬಿಟ್ಟು ಮತ್ತೆ ಮಾಡು. ತೋಟದ ಪಾಲಿನ ಕಾಗದ ಕೊಟ್ಟು ಅವಳ ಸಹಿ ಹಾಕಿಸಿ ಕಳಿಸು ಅಂತ ಮನೆಯಲ್ಲಿ ಅಂದರೆ ಖಂಡಿತ ತರಬೇಡ. ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಕಾಯ್ದೆ ಆಗಿದೆ, ಅವಳಿಗೂ ಗೊತ್ತಿರುತ್ತದೆ. ಮೊದಲ ಸಲವೇ ಸಹಿ ಕೇಳಿದರೆ ಅದಕ್ಕೇ ಬಂದಳು ಅಂತಾಗುತ್ತದೆ, ಅಲ್ವಾ? ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಡಬ್ಬಿ ಕಟ್ಟಿಸು, ಒಂದು ಅವಳಿಗೆ. ತೊಡದೇವು ತೆಳು ಸಿಹಿತಿಂಡಿ, ದಾರಿಯಲ್ಲಿ ಪುಡಿಯಾಗುತ್ತದೆ, ಆದರೂ ತಾ.