ಧರ್ಮಗಳ ನಡುವಿನ ಸಂವಾದ ಶುರುವಾದದ್ದು 1893ರ ಚಿಕಾಗೋದಲ್ಲೇನಾ?

ಅಲ್ಲ. ಆದರೂ ಚಿಕಾಗೋಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. 1893ರ ಸೆಪ್ಟೆಂಬರ್ 11ರಿಂದ 27ರವರೆಗೆ ಅಲ್ಲಿ ನಡೆದ ವಿಶ್ವಧರ್ಮ ಸಮ್ಮೇಳನದಲ್ಲಿ ಇಷ್ಟೊಂದು ದೇಶಗಳ ಧರ್ಮದವರು ಒಂದೇ ವೇದಿಕೆ ಹತ್ತಿದ್ದು ಆಗ ಹೊಸ ಮಾತೇ. ನಾವು ವಿವೇಕಾನಂದರೊಬ್ಬರ ಹೆಸರು ಹೇಳಿ ಸುಮ್ಮನಾಗುತ್ತೇವೆ. ಜೈನರ ಪರವಾಗಿ ವೀರಚಂದ್ ಗಾಂಧಿ, ಸಿಂಹಳದ ಅನಾಗಾರಿಕ ಧರ್ಮಪಾಲ, ಜಪಾನಿನ ಝೆನ್ ಗುರು ಸೋಯೆನ್ ಶಾಕು ಕೂಡ ಅಲ್ಲಿದ್ದರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮಾತ್ರ ಬರಲೊಪ್ಪಲಿಲ್ಲ. ಹೋದರೆ ಎಲ್ಲ ಧರ್ಮಗಳೂ ಸಮ ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅನ್ನೋದು ಅವರ ತಕರಾರು.

ಅದಕ್ಕೂ ಮುನ್ನೂರು ವರ್ಷ ಹಿಂದೆ, 1575ರಲ್ಲಿ, ಅಕ್ಬರ್ ಫತೇಪುರ್ ಸಿಕ್ರಿಯಲ್ಲಿ ಧರ್ಮಚರ್ಚೆಗೆಂದು ಇಬಾದತ್‌ಖಾನೆ ಕಟ್ಟಿಸಿದ. ಮೊದಮೊದಲು ಮುಸ್ಲಿಂ ವಿದ್ವಾಂಸರದೇ ಚರ್ಚೆ, ಅದೂ ಕೂಗಾಟಕ್ಕೆ ತಿರುಗುತ್ತಿತ್ತು. ಆಮೇಲೆ ಬ್ರಾಹ್ಮಣರು, ಜೈನರು, ಪಾರಸಿಗಳು, ಗೋವಾದ ಜೆಸ್ಯೂಟ್ ಪಾದ್ರಿಗಳು ಬಂದರು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೂ ಹಳೆಯದು, ನಮ್ಮ ಶ್ರವಣಬೆಳಗೊಳದ್ದು. ಎಲ್ಲರೂ ಗೊಮ್ಮಟನ ಬೆಟ್ಟ ಹತ್ತಿ ಇಳಿದು, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ (ಮೊದಲ ಸಲ ನಾನೂ ಅಷ್ಟೇ). ಕೆಳಗೆ ಊರೊಳಗಿನ ಭಂಡಾರಿ ಬಸದಿಯಲ್ಲಿ 1368ರ ಒಂದು ಕನ್ನಡ ಶಾಸನವಿದೆ. ವೈಷ್ಣವರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ವಿಜಯನಗರದ ಅರಸ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಹಿಡಿದು ಅಸ್ಪೃಶ್ಯರೆನಿಸಿದ್ದ ತಿರುಕುಲ, ಜಾಂಬವಕುಲದವರವರೆಗೆ ಎಲ್ಲರನ್ನೂ ಸೇರಿಸಿ, ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯ ಮತ್ತು ಕಲಶದ ಗೌರವಗಳು ಜೈನರಿಗೂ ಸಲ್ಲುತ್ತವೆ ಎಂದ.

ಬರೀ ಮಾತಿಗೆ ಬಿಡಲಿಲ್ಲ ಅನ್ನೋದೇ ನನಗೆ ಇಷ್ಟ. ಜೈನರು ಮನೆಗೆ ವರ್ಷಕ್ಕೊಂದು ಹಣ (ಆಗಿನ ಒಂದು ನಾಣ್ಯ) ಕೊಡಬೇಕು. ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರ ಕಡೆಯವರೇ, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಿ, ಮಿಕ್ಕಿದ್ದರಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ದೂರು ಕೊಟ್ಟವರೇ ಕಾವಲಿಗೆ ದುಡ್ಡು ತೆರಬೇಕಾಯಿತಲ್ಲ ಅಂತ ನೀವು ಕೇಳಬಹುದು. ನಿಜವೇ. ಜೈನರಿಗೆ ಅಭಯ ಕೊಡುವ ಈ ಶಾಸನದ ಶುರುವಿನಲ್ಲಿರುವುದೂ ರಾಮಾನುಜರ ಸ್ತುತಿ. ಕೈ ಯಾರದು ಮೇಲಿತ್ತು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಕಲ್ಲಿನ ಕೊನೆಗೆ ಇನ್ನೊಂದು ಸಣ್ಣ ಸೇರ್ಪಡೆಯಿದೆ. ಕಲ್ಲೆಹದ ಬುಸುವಿಸೆಟ್ಟಿ ಎಂಬಾತ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದನಂತೆ. ಅವನಿಗೆ 'ಸಂಘನಾಯಕ' ಪಟ್ಟ ಕಟ್ಟಿದವರು ಜೈನರಷ್ಟೇ ಅಲ್ಲ, ಎರಡೂ ಸಮಯದವರು, ಅಂದರೆ ಎರಡೂ ಮತದವರು, ಕೂಡಿ.