ಗ್ಯಾರೇಜಿನಲ್ಲಿಟ್ಟ ಫ್ರಿಜ್ಜಿನ ನೀರಿನ ಪೈಪು ಚಳಿಗಾಲದಲ್ಲಿ ಹೆಪ್ಪುಗಟ್ಟದಂತೆ ತಡೆಯುವುದು ಹೇಗೆ?

ಹೀಟರ್ ಇಲ್ಲದ ಗ್ಯಾರೇಜಾದರೆ ಚಳಿ ಬೀಳುವ ಮೊದಲೇ ನೀರು ಬಂದ್ ಮಾಡಿ ಪೈಪು ಖಾಲಿ ಮಾಡಿಬಿಡಿ. ಮಿನ್ನೆಸೋಟ, ಟೊರಾಂಟೊ ಕಡೆಯ ಚಳಿಗೆ ಇದೇ ಭರವಸೆಯ ದಾರಿ. ಬರೀ ಫೋಮ್ ಸುತ್ತಿದರೆ ಸಾಲದು. ಅದು ಶಾಖ ಹುಟ್ಟಿಸುವುದಿಲ್ಲ, ತಣಿಯುವುದನ್ನು ತಡಮಾಡುತ್ತದೆ ಅಷ್ಟೆ. ಕಾಲು ಇಂಚಿನ ಪೈಪಿನಲ್ಲಿ ಇರುವುದೇ ಚೂರು ನೀರು, ಅದೂ ರಾತ್ರಿಯಿಡೀ ಅಲುಗಾಡದೆ ನಿಂತಿರುತ್ತದೆ. ಹೆಪ್ಪುಗಟ್ಟಿದಾಗ ನೀರು ಸುಮಾರು 9% ಹಿಗ್ಗುವುದರಿಂದ ಪೈಪು ಅಥವಾ ಫ್ರಿಜ್ಜಿನ ಹಿಂಬದಿಯ ಪ್ಲಾಸ್ಟಿಕ್ ವಾಲ್ವ್ ಸೀಳುತ್ತದೆ. ಸೋರಿಕೆ ಗೊತ್ತಾಗುವುದು ಮಂಜುಗಡ್ಡೆ ಕರಗಿದ ಮೇಲೆಯೇ.

ಮೊದಲು ಐಸ್ ಮೇಕರ್ ಆಫ್ ಮಾಡಿ. ಇಲ್ಲದಿದ್ದರೆ ವಾಲ್ವ್ ನೀರಿಲ್ಲದೆಯೂ ಮತ್ತೆ ಮತ್ತೆ ತೆರೆದುಕೊಂಡು ಗುಂಯ್‌ಗುಡುತ್ತದೆ. ಮನೆಯೊಳಗಿನ ಶಟ್-ಆಫ್ ವಾಲ್ವ್ ಮುಚ್ಚಿ, ಡಿಸ್ಪೆನ್ಸರ್ ಒತ್ತಿ ಒತ್ತಡ ಇಳಿಸಿ. ಆಮೇಲೆ ಪ್ಲಗ್ ತೆಗೆದು, ಹಿಂಬದಿಯ ನಟ್ ಬಿಚ್ಚಿ, ಪೈಪಿನ ನೀರನ್ನು ಬಕೆಟ್ಟಿಗೆ ಬಿಡಿ. ಫಿಲ್ಟರನ್ನೂ ಬಿಚ್ಚಿಡಿ, ಅದರೊಳಗೂ ನೀರು ಉಳಿದಿರುತ್ತದೆ.

ನೀರು ಬೇಕೇ ಬೇಕೆಂದರೆ, ಪ್ಲಾಸ್ಟಿಕ್ ಪೈಪಿಗೆ ಹೊಂದುತ್ತದೆಂದು ನಮೂದಿಸಿರುವ, ಶಾಖವನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಹೀಟ್ ಕೇಬಲ್ ಹಾಕಬಹುದು. ಕರೆಂಟು ಸೋರಿದರೆ ತಕ್ಷಣ ಕತ್ತರಿಸುವ ಜಿಎಫ್‌ಸಿಐ ಸಾಕೆಟ್ಟಿಗೇ ಅದನ್ನು ಜೋಡಿಸಿ. ಆದರೆ ಕೇಬಲ್ ಕಾಯುವುದು ಪೈಪನ್ನು ಮಾತ್ರ. ಗ್ಯಾರೇಜು 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ವಾಲ್ವಿನ ಅಪಾಯ ಹಾಗೇ ಇರುತ್ತದೆ.