ಟೋಸ್ಟಿನ ಗ್ಲಾಸು, ತಮ್ಮನ ಎಂಟು ತಿಂಗಳು

ಪ್ರೀತಿಯ ಅಕ್ಕ,

ನನಗೆ 31 ವರ್ಷ. ಮಂಗಳೂರಿನ ಪ್ರೊಟೆಸ್ಟೆಂಟ್ ಮನೆಯವಳು. ಅಪ್ಪ ಕುಡಿದು ಕುಡಿದು ಲಿವರ್ ಹಾಳಾಗಿ ತೀರಿಕೊಂಡರು. ಆಗ ನಾನು ಪಿಯುಸಿಯಲ್ಲಿದ್ದೆ. ಒಂದು ಹನಿಯೂ ಮುಟ್ಟುವುದಿಲ್ಲ ಅಂತ ಅವತ್ತೇ ದೇವರಿಗೆ ಮಾತು ಕೊಟ್ಟೆ. ಮದುವೆಯಾದದ್ದು ಕಥೋಲಿಕ ಮನೆಗೆ. ಗಂಡ ಒಳ್ಳೆಯವರು. ಕ್ರಿಸ್ಮಸ್ ಬಂತೆಂದರೆ ಅತ್ತೆ ಭರಣಿಯಲ್ಲಿ ವೈನ್ ಹಾಕುತ್ತಾರೆ. ನಾನು ಬೇಡ ಅಂದರೆ "ಯೇಸುವೇ ಮಾಡಿಕೊಟ್ಟದ್ದು, ನಿನಗೆ ಮಾತ್ರ ಆಗಲ್ವಾ?" ಅನ್ನುತ್ತಾರೆ. ಬರುವ ಜನವರಿಯಲ್ಲಿ ಮೈದುನನ ಮದುವೆ. ಟೋಸ್ಟ್ ಹೊತ್ತಿಗೆ, ಅಂದರೆ ವಧೂವರರಿಗೆ ಶುಭ ಹಾರೈಸುವಾಗ, ಮನೆಯವರೆಲ್ಲ ವೈನ್ ಗ್ಲಾಸು ಎತ್ತಬೇಕು. ನನ್ನ ತಮ್ಮನೂ ಬರುತ್ತಾನೆ. ಅವನೂ ಕುಡಿಯುತ್ತಿದ್ದ, ಬಿಟ್ಟು ಎಂಟು ತಿಂಗಳಾಯ್ತು. ನಾನು ಹೋಗುವ ಪ್ರಾರ್ಥನಾ ಕೂಟದ ಪಾಸ್ಟರ್ "ಕುಡಿಯುವವರು ವಿಶ್ವಾಸಿಗಳೇ ಅಲ್ಲ" ಅನ್ನುತ್ತಾರೆ. ಅದನ್ನು ಮನೆಯಲ್ಲಿ ಹೇಳಿದೆ. "ಹಾಗಾದರೆ ನನ್ನ ಅಮ್ಮ ಪಾಪಿಯಾ?" ಅಂತ ಗಂಡ ಮೂರು ದಿನ ಮಾತು ಬಿಟ್ಟರು. ಕ್ರೈಸ್ತರು ಕುಡಿಯಬಹುದಾ, ಬಾರದಾ? ಆ ದಿನ ನಾನು ಏನು ಮಾಡಲಿ?

— ಹೆಸರು ಬೇಡ, ಮಂಗಳೂರು

ತಂಗೀ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು ಅತ್ತೆ ಮತ್ತು ಟೋಸ್ಟು. ಎರಡನೇ ಸಲ ನಿಮ್ಮ ತಮ್ಮನ ಹತ್ತಿರ ನಿಂತುಬಿಟ್ಟೆ. ಅವನ ಬಗ್ಗೆ ನೀವು ಬರೆದದ್ದು ಎರಡೇ ಸಾಲು. ನನಗೆ ಇಡೀ ಕಾಗದದಲ್ಲಿ ಅದೇ ದೊಡ್ಡದಾಗಿ ಕಂಡಿತು. ಅಲ್ಲಿಗೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ನೇರವಾಗಿ ಹೇಳಿಬಿಡುತ್ತೇನೆ.

ನಾನೂ ಕ್ರೈಸ್ತ ಮನೆಯಲ್ಲೇ ಬೆಳೆದವಳು. ಸತ್ಯವೇದವನ್ನು, ಅಂದರೆ ಬೈಬಲನ್ನು, ಎಷ್ಟು ಸಲ ತಿರುವಿ ಹಾಕಿದರೂ ವೈನ್ ಮುಟ್ಟಿದವರೆಲ್ಲ ಪಾಪಿಗಳು ಅನ್ನುವ ಮಾತು ನನಗೆ ಸಿಕ್ಕಿಲ್ಲ. ಕುಡಿದು ಅಮಲೇರುವುದು ತಪ್ಪು ಅನ್ನುವುದು ಮಾತ್ರ ಮತ್ತೆ ಮತ್ತೆ ಬರುತ್ತದೆ. ಮನುಷ್ಯರ ಮನಸ್ಸಿಗೆ ಸಂತೋಷ ಕೊಡುವ ದ್ರಾಕ್ಷಾರಸ ದೇವರು ಕೊಟ್ಟದ್ದು ಅಂತ 104ನೇ ಕೀರ್ತನೆ ಹಾಡುತ್ತದೆ. ಅದೇ ಸತ್ಯವೇದದಲ್ಲಿ ಜ್ಞಾನೋಕ್ತಿ 23ನೇ ಅಧ್ಯಾಯವೂ ಇದೆ. ಕೆಂಪು ಕಣ್ಣು, ಕಾರಣವಿಲ್ಲದ ಗಾಯ, ಸುಮ್ನೆ ಜಗಳ, ಕೊನೆಗೆ ಹಾವಿನ ಹಾಗೆ ಕಚ್ಚುವ ಗ್ಲಾಸು. ಇಷ್ಟೆಲ್ಲ ಆದ ಮೇಲೂ ಆ ಮನುಷ್ಯ ಎಚ್ಚರವಾದ ಕೂಡಲೇ ಮತ್ತೆ ಕುಡಿತವನ್ನೇ ಹುಡುಕಿಕೊಂಡು ಹೋಗುತ್ತಾನೆ. ಅದನ್ನು ಓದುವಾಗ ನಿಮಗೆ ಅಪ್ಪನ ಮುಖ ಕಣ್ಣಿಗೆ ಬರುತ್ತದೆ ಅಂತ ನನಗೆ ಗೊತ್ತು. ಎರಡೂ ಒಂದೇ ಪುಸ್ತಕದ ಮಾತು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಕನ್ನಡದಲ್ಲಿ ಓದುವ ನಮಗೆ ಇಲ್ಲಿ ಒಂದು ತೊಡಕಿದೆ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರಿನಿಂದ ಮಾಡಿಕೊಟ್ಟದ್ದಕ್ಕೆ ನಮ್ಮ ಸತ್ಯವೇದ "ದ್ರಾಕ್ಷಾರಸ" ಅನ್ನುತ್ತದೆ. ಕೇಳಿದರೆ ದ್ರಾಕ್ಷಿ ಜ್ಯೂಸಿನ ಹಾಗಿದೆ, ಅಲ್ವಾ? ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು ಮತ್ತರಾಗಬೇಡಿ ಅನ್ನುವಾಗ ಅಲ್ಲಿ "ಮದ್ಯ" ಬರುತ್ತದೆ. ಹಾಗಾಗಿ ಒಂದು ಜ್ಯೂಸು, ಇನ್ನೊಂದು ಸಾರಾಯಿ ಅಂತ ವಾದಿಸುವವರನ್ನು ನಾನು ಬಹಳ ಕಂಡಿದ್ದೇನೆ. ಮೂಲ ಗ್ರೀಕಿನಲ್ಲಿ ಎರಡು ಕಡೆಯೂ ಇರುವುದು ಒಂದೇ ಪದ, ಓಯ್ನೋಸ್. ಕಾನಾದ ಕಥೆಯಲ್ಲೇ ಔತಣದ ಮೇಲ್ವಿಚಾರಕ ಹೇಳುವ ಮಾತು ನೋಡಿ. ಎಲ್ಲರೂ ಒಳ್ಳೆಯದನ್ನು ಮೊದಲು ಬಡಿಸಿ, ಜನರಿಗೆ ಏರಿದ ಮೇಲೆ ಕಡಿಮೆಯದನ್ನು ಕೊಡುತ್ತಾರೆ ಅನ್ನುತ್ತಾನೆ. ಜ್ಯೂಸ್ ಕುಡಿದು ಯಾರಿಗೂ ಏರುವುದಿಲ್ಲ. ಅಲ್ಲಿದ್ದದ್ದು ಆರು ಕಲ್ಲಿನ ಬಾನಿಗಳು, ಒಂದೊಂದರಲ್ಲೂ ಸುಮಾರು 80ರಿಂದ 120 ಲೀಟರ್ ಹಿಡಿಯುತ್ತಿತ್ತು. ಹಾಗಾಗಿ ನಿಮ್ಮ ಅತ್ತೆಯ ಮಾತಿನಲ್ಲಿ ಸತ್ಯ ಇದೆ.

ಆದರೆ ಅವರು ಆ ಸತ್ಯವನ್ನು ಬಳಸುವ ರೀತಿ ಸರಿಯಿಲ್ಲ. ಯೇಸು ಆ ಮದುವೆಯಲ್ಲಿ ಯಾರ ಕೈಗೂ ಒತ್ತಾಯದಿಂದ ಲೋಟ ಇಟ್ಟದ್ದು ನಾನು ಓದಿಲ್ಲ. ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಒಂದು ಚಂದದ ಜಾಗ ಇದೆ. ಸ್ನಾನಿಕ ಯೋಹಾನ ದ್ರಾಕ್ಷಾರಸ ಮುಟ್ಟಲಿಲ್ಲ, ಜನ ಅವನಿಗೆ ದೆವ್ವ ಹಿಡಿದಿದೆ ಅಂದರು. ಯೇಸು ಉಂಡರು, ಕುಡಿದರು, ಅವರನ್ನು ಹೊಟ್ಟೆಬಾಕ, ಕುಡುಕ ಅಂದರು. ಒಬ್ಬರು ಮುಟ್ಟದವರು, ಒಬ್ಬರು ಮುಟ್ಟಿದವರು. ಇಬ್ಬರೂ ದೇವರ ಕೆಲಸಕ್ಕೇ ಬಂದವರು. ನಿಮ್ಮ ಮನೆಯ ಊಟದ ಮೇಜಿನಲ್ಲೂ ಈ ಇಬ್ಬರಿಗೆ ಜಾಗ ಇರಬೇಕು ಅಂತ ನಾನು ನಂಬುತ್ತೇನೆ.

ಪಾಸ್ಟರ್ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಎಷ್ಟೋ ಮನೆ ಹಾಳಾದದ್ದನ್ನು ಹತ್ತಿರದಿಂದ ನೋಡಿ, ನೊಂದು ಹಾಗೆ ಹೇಳಿರಬಹುದು. ಆ ನೋವಿಗೆ ಗೌರವ ಕೊಡೋಣ. ಆದರೆ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು ಪೂರ್ತಿ ಓದಿ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅಂತ ಅಲ್ಲಿ ಎರಡೂ ಕಡೆಗೆ ಹೇಳಿದೆ. ನಿಮ್ಮ ಅತ್ತೆ ಮೊದಲನೆಯದನ್ನು ಮರೆತರು. ನೀವು, ಬೇಜಾರು ಮಾಡ್ಕೋಬೇಡಿ, ಎರಡನೆಯದನ್ನು ಮರೆತಿರಿ. ನಿಮ್ಮ ಗಂಡನಿಗೆ ನೋವಾದದ್ದು ಅಲ್ಲಿ.

ಈ ಜಗಳ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಲ್ಲಿ ತುಂಬ ಜನ ಬಿಲ್ಲವರು. ತಾಳೆ, ತೆಂಗು ಹತ್ತಿ ಕಳ್ಳು ಇಳಿಸುವ ಮೂರ್ತೆ ಅವರ ಕಸುಬು. ಆ ಕಸುಬು ಕ್ರೈಸ್ತ ಜೀವನಕ್ಕೆ ಹೊಂದುವುದಿಲ್ಲ ಅಂತ ಮಿಷನರಿಗಳು ಹೇಳಿದರು. ಹಾಗಾದರೆ ಹೊಟ್ಟೆಪಾಡು? ನೇಯ್ಗೆ ಶುರುವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಜಾತಿ, ಊರು, ಕಸುಬು ಬಿಟ್ಟು ಬಂದವರಿಗೆ ಕೆಲಸ ಬೇಕಾಗಿತ್ತು. ಕಳ್ಳಿನ ಗಡಿಗೆ ಇಳಿಸಿ ಮಣ್ಣಿನ ಹಂಚು ಹೊತ್ತ ಜನ ಅವರು. ಅಂಥ ಮನೆಗಳಲ್ಲಿ "ಮುಟ್ಟಬಾರದು" ಅನ್ನುವುದು ಬರೀ ನಿಯಮವಾಗಿರಲಿಲ್ಲ, ಬದುಕು ಬದಲಾದ ಗುರುತಾಗಿತ್ತು. ಪ್ರೊಟೆಸ್ಟೆಂಟರಲ್ಲಿ ಬೇರೆ ಕಡೆಯೂ ಈ ಕಾಳಜಿ ಬೆಳೆಯಿತು. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿ ರಸವನ್ನು ಹುಳಿಯದ ಹಾಗೆ ಕಾಯಿಸಿ ಇಡುವ ದಾರಿ ಕಂಡುಹಿಡಿದರು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಅಮಲಿಲ್ಲದ ರಸ ಬೇಕು ಅನ್ನುವುದೇ ಅವರ ಉದ್ದೇಶ.

ಅತ್ತೆಯ ಕಡೆ ಬಂದರೆ, ಕಥೋಲಿಕರ ಚರ್ಚಿನ ಬಲಿಪೂಜೆಗೆ (ಮಾಸ್) ದ್ರಾಕ್ಷಿಯಿಂದ ಮಾಡಿದ ನಿಜವಾದ ವೈನೇ ಆಗಬೇಕು ಅಂತ ಧರ್ಮಸಭೆಯ ಕಾನೂನಿದೆ. ಚಿಕ್ಕಂದಿನಿಂದ ಪೀಠದ ಮೇಲೆ ವೈನ್ ನೋಡಿದವರಿಗೆ "ಅದು ಪಾಪ" ಅಂದರೆ ಎದೆಗೆ ಹೊಡೆದಂತೆ ಆಗುವುದು ಸಹಜ. ಹಾಗಂತ ಕಥೋಲಿಕರು ಕುಡಿತದ ಕಷ್ಟ ಅರಿಯದವರಲ್ಲ. ಡಬ್ಲಿನ್‌ನ ಕೂಲಿ ಕೆಲಸಗಾರ ಮ್ಯಾಟ್ ಟಾಲ್ಬಟ್ ಬಗ್ಗೆ ಅತ್ತೆಯನ್ನೇ ಕೇಳಿ, ಕೇಳಿರುತ್ತಾರೆ. ಹುಡುಗನಾಗಿದ್ದಾಗಲೇ ಕುಡಿತಕ್ಕೆ ಬಿದ್ದವರು. 1884ರಲ್ಲಿ, 28ರ ವಯಸ್ಸಿನಲ್ಲಿ ಕುಡಿಯುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ಮೊದಲು ಮಾಡಿದ್ದು ಬರೀ ಮೂರು ತಿಂಗಳಿಗೆ. ಆಮೇಲೆ ಅದನ್ನು ಮುಂದುವರಿಸಿ, 1925ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಟ್ಟಲಿಲ್ಲ. ಧರ್ಮಸಭೆ 1975ರಲ್ಲಿ ಅವರನ್ನು ಪೂಜ್ಯರು ಅಂತ ಘೋಷಿಸಿತು.

ಈಗ ನಿಮ್ಮ ತಮ್ಮ.

ನನ್ನ ಚಿಕ್ಕಪ್ಪನ ಒಂದು ವಿಷಯ ಹೇಳುತ್ತೇನೆ. ಅವರು ಕುಡಿತ ಬಿಟ್ಟು ಒಂದು ವರ್ಷವಾಗಿತ್ತು. ನೆಂಟರ ಮದುವೆ. ಯಾರೋ ಪ್ರೀತಿಯಿಂದಲೇ ಗ್ಲಾಸು ತಂದು ಕೈಗಿಟ್ಟು "ಇವತ್ತೊಂದು ದಿನ" ಅಂದರು. ಚಿಕ್ಕಪ್ಪ ಬೇಡ ಅನ್ನಲಿಲ್ಲ, ಕುಡಿಯಲೂ ಇಲ್ಲ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಚಿಕ್ಕಮ್ಮ ಆಚೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು ಅನ್ನ ಹಾಕಿಸಿಕೊಳ್ಳುವುದನ್ನೇ ಮರೆತರು. ಬಡಿಸುವವನು ಎರಡು ಸಲ ಕೇಳಿದ. ನಾನು ಆಗ ಹನ್ನೆರಡರ ಹುಡುಗಿ, ಚಿಕ್ಕಮ್ಮನ ಸೆರಗು ಹಿಡಿದು ನಿಂತಿದ್ದೆ. ಹಾಡು ನಡೆಯುತ್ತಿತ್ತು, ಎಲ್ಲರೂ ನಗುತ್ತಿದ್ದರು, ಆ ಗ್ಲಾಸು ಮೆಲ್ಲಗೆ ಮೇಲೆ ಹೋಯಿತು. ಮುಂದಿನ ಆರು ವರ್ಷ ಆ ಮನೆ ಕಂಡ ಕಷ್ಟ ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ನಾನು ಬೇಡಿಕೊಳ್ಳುವುದು ಇಷ್ಟು. ಕುಡಿಯುವುದು ಪಾಪವಾ ಅನ್ನುವ ಚರ್ಚೆಯನ್ನು ಜನವರಿ ಮುಗಿಯುವ ತನಕ ಬದಿಗಿಡಿ. ಮನೆಯವರ ಮುಂದೆ ಒಂದೇ ಮಾತು ಇಡಿ: "ನನ್ನ ತಮ್ಮನಿಗೆ ಈ ದಿನ ಸಲೀಸಾಗಿ ಕಳೆಯಬೇಕು, ನನಗೆ ಸಹಾಯ ಮಾಡಿ." ಸಹೋದರನಿಗೆ ಎಡವಲು ಕಾರಣವಾಗುವುದಾದರೆ ದ್ರಾಕ್ಷಾರಸ ಕುಡಿಯದಿರುವುದು ಒಳ್ಳೆಯದು ಅಂತ ಅದೇ ರೋಮಾಪುರ ಪತ್ರದ 14:21 ಹೇಳುತ್ತದೆ. ನಿಮ್ಮ ಅತ್ತೆ ಇದಕ್ಕೆ ಇಲ್ಲ ಅನ್ನುವವರಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ. "ನೀವು ಪಾಪಿ" ಅಂದರೆ ಯಾರೂ ಬಾಗಿಲು ತೆರೆಯುವುದಿಲ್ಲ. "ನನ್ನ ತಮ್ಮ" ಅಂದರೆ ತೆರೆಯುತ್ತಾರೆ.

ತಮ್ಮನ ಹತ್ತಿರ ಮೊದಲೇ ಮಾತಾಡಿ. ಅವನನ್ನು ಬಿಟ್ಟು ಏರ್ಪಾಡು ಮಾಡಬೇಡಿ, ಅವಮಾನ ಅನ್ನಿಸುತ್ತದೆ. ಪೂಜೆಗೆ ಮಾತ್ರ ಬಂದು ಹೋಗುತ್ತೇನೆ ಅಂದರೆ ಹಾಗೇ ಆಗಲಿ, ಒತ್ತಾಯ ಬೇಡ. ಹಾಲ್‌ಗೂ ಬರುತ್ತಾನಾದರೆ ಬಾರ್ ಕೌಂಟರ್ ಇರುವ ಬದಿಯಲ್ಲಿ ಅವನ ಕುರ್ಚಿ ಬೇಡ. ಅವನ ಗ್ಲಾಸು ಖಾಲಿ ಇರಬಾರದು. ಖಾಲಿ ಗ್ಲಾಸು ಕಂಡರೆ ತುಂಬಿಸುವವರು ಓಡಿ ಬರುತ್ತಾರೆ. ಟೋಸ್ಟ್ ಹೇಳುವವರಿಗೆ ಮೊದಲೇ ಒಂದು ಮಾತು ತಿಳಿಸಿ, ಯಾರನ್ನೂ ಹೆಸರು ಕರೆದು ಎಬ್ಬಿಸದಿರಲಿ. ಬೇಕಾದಾಗ ಎದ್ದು ಹೋಗಲು ಅವನದೇ ಬೈಕು ಇರಲಿ, ಇಲ್ಲ ಕರೆದುಕೊಂಡು ಹೋಗಲು ಒಬ್ಬ ಸ್ನೇಹಿತ ಇರಲಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕುಡಿತ ಬಿಡಲು ಕೆಲವರಿಗೆ ವೈದ್ಯರು ಡೈಸಲ್ಫಿರಾಮ್ ಎಂಬ ಮಾತ್ರೆ ಕೊಟ್ಟಿರುತ್ತಾರೆ. ಅದನ್ನು ತೆಗೆದುಕೊಳ್ಳುವಾಗ ಸ್ವಲ್ಪ ಆಲ್ಕೋಹಾಲ್ ಹೊಟ್ಟೆಗೆ ಹೋದರೂ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಬಹುದು, ಬಿಪಿ ಬಿದ್ದುಹೋಗಬಹುದು. ರಮ್‌ನಲ್ಲಿ ನೆನೆಸಿದ ಹಣ್ಣಿನ ಕೇಕ್ ಕೂಡ ಅವರಿಗೆ ಬೇಡ. ತಮ್ಮ ಆ ಮಾತ್ರೆಯಲ್ಲಿದ್ದಾನಾ ಅಂತ ಕೇಳಿಕೊಳ್ಳಿ. ಅಕಸ್ಮಾತ್ ಅವನು ಜಾರಿದರೆ ಬೈಗುಳಕ್ಕಿಂತ ಮೊದಲು ವೈದ್ಯರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಬಗ್ಗೆಯೂ ಒಂದು ಮಾತು. ನೀವು ಕುಡಿಯಬೇಕಾಗಿಲ್ಲ. ಟೋಸ್ಟ್‌ಗೆ ಅಂತಲೂ ಬೇಡ, ಅತ್ತೆಯ ಸಂತೋಷಕ್ಕೆ ಅಂತಲೂ ಬೇಡ. ಬೇರೆಯವರು ಪಾಪಿಗಳು ಅಂತ ಸಾಬೀತಾದರೆ ಮಾತ್ರ ನಿಮ್ಮ ಮಾತಿಗೆ ಬೆಲೆ ಅಂತ ತಿಳಿಯಬೇಡಿ. ಕುಡುಕ ತಂದೆಯ ಮಗಳು ಆ ವಾಸನೆಗೇ ಬೆಚ್ಚುತ್ತಾಳೆ, ಅಷ್ಟೇ ಕಾರಣ ಸಾಕು. ಸ್ವಲ್ಪ ವೈನ್ ಆರೋಗ್ಯಕ್ಕೆ ಒಳ್ಳೆಯದು, ಪೌಲನೇ ತಿಮೊಥೆಗೆ ಹೇಳಿದ್ದಾನೆ ಅಂತ ಯಾರಾದರೂ ಹೇಳಬಹುದು. ಅದು ಹೊಟ್ಟೆ ಸರಿಯಿಲ್ಲದ ಒಬ್ಬನಿಗೆ ಆ ಕಾಲದಲ್ಲಿ ಹೇಳಿದ ಮದ್ದು. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಅನ್ನುವ ಪ್ರಮಾಣವೇ ಮದ್ಯಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಇದನ್ನು ಊಟದ ಮೇಜಿನಲ್ಲಿ ವಾದಕ್ಕೆ ಬಳಸಬೇಡಿ. "ನನಗೆ ಬೇಡ ಅತ್ತೆ" ಅಂತ ನಕ್ಕು ಹೇಳಿ.

ಗಂಡನ ಹತ್ತಿರ ಕ್ಷಮೆ ಕೇಳಿ. ಕುಡಿಯದಿರುವುದಕ್ಕೆ ಅಲ್ಲ, ಅವರ ಅಮ್ಮನ ಮೇಲೆ ಬೇರೆಯವರ ತೀರ್ಪು ತಂದು ಹಾಕಿದ್ದಕ್ಕೆ. ಆಮೇಲೆ ಅಪ್ಪನ ಕಥೆ ಪೂರ್ತಿ ಹೇಳಿ. ಲಿವರ್ ಹಾಳಾಗಿ ಹೋದರು ಅನ್ನುವ ಒಂದು ಸಾಲು ಬೇಡ. ರಾತ್ರಿ ಗೇಟಿನ ಸದ್ದಿಗೆ ನೀವೂ ತಮ್ಮನೂ ಏನು ಮಾಡುತ್ತಿದ್ದಿರಿ ಅನ್ನುವುದನ್ನು ಹೇಳಿ. ಅವರಿಗೆ ಅದು ಗೊತ್ತಿಲ್ಲ ಅಂತ ನನಗೆ ಅನ್ನಿಸುತ್ತಿದೆ.

ಇನ್ನು ಅತ್ತೆ. ಭರಣಿಗೆ ದ್ರಾಕ್ಷಿ ಹಿಸುಕಿ ಹಾಕಿ, ಸಕ್ಕರೆ, ಈಸ್ಟ್ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ತಿರುವುವ ಕೈ ಅದು. ಆ ಕೈಗೆ ಬೇರೆ ಒಂದು ಕೆಲಸ ಕೊಡಿ. ಮದುವೆಯ ಹಿಂದಿನ ದಿನ ಅದೇ ಕಪ್ಪು ದ್ರಾಕ್ಷಿಯನ್ನು ಸಕ್ಕರೆ ಹಾಕಿ ಕುದಿಸಿ, ಸೋಸಿ, ಫ್ರಿಜ್ಜಿನಲ್ಲಿಡಲು ಕೇಳಿ. ನೀವೂ ಪಕ್ಕದಲ್ಲಿ ನಿಂತು ದ್ರಾಕ್ಷಿ ಬಿಡಿಸಿ. ಗ್ಲಾಸಿಗೆ ಸುರಿದರೆ ಬಣ್ಣ ವೈನಿನದೇ. ಟೋಸ್ಟ್ ಹೊತ್ತಿಗೆ ನಿಮ್ಮ ತಮ್ಮನ ಗ್ಲಾಸಿಗೆ ಅದನ್ನು ಅತ್ತೆಯೇ ಸುರಿಯಲಿ.

— ನಿಮ್ಮ ಅಕ್ಕ